ತಟ್ಟೆಯ ಮೇಲಿನ ತೂತುಗಳನ್ನು ಎಣಿಸಿದವರು

ದಾರಕ್ಕೆ ಪೋಣಿಸಿದ ಮಣಿಗಳು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜೀವವಿಜ್ಞಾನಿಗಳು ಜೀನ್‌ಗಳನ್ನು ಕಲ್ಪಿಸಿಕೊಳ್ಳುತ್ತಿದ್ದುದು ಹೀಗೆ. ಕ್ರೋಮೊಸೋಮ್ ದಾರ, ಜೀನ್ ಮಣಿ. ಎರಡು ದಾರಗಳು ತುಂಡಾಗಿ ಒಂದರ ತುದಿಗೆ ಇನ್ನೊಂದು ಅಂಟಿಕೊಳ್ಳಬಹುದು. ಆದರೆ ದಾರ ತುಂಡಾಗುವುದು ಮಣಿ ಮಣಿಗಳ ನಡುವೆ, ಮಣಿ ಒಡೆಯುವುದಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಮತ್ತು ಶಿಷ್ಯರು ಹಾಲಿನ ಬಾಟಲಿಗಳಲ್ಲಿ ಹಣ್ಣಿನ ನೊಣ ಸಾಕಿ, ಕೆಂಪು ಕಣ್ಣಿನವು ಎಷ್ಟು, ಬಿಳಿ ಕಣ್ಣಿನವು ಎಷ್ಟು ಎಂದು ಎಣಿಸಿ, 1913ರ ಹೊತ್ತಿಗೆ ಮಣಿಗಳ ಅನುಕ್ರಮದ ಮೊದಲ ನಕಾಶೆಯನ್ನೂ ಬರೆದಿದ್ದರು. ಎರಡು ಮಣಿ ದೂರವಿದ್ದಷ್ಟೂ ನಡುವೆ ದಾರ ತುಂಡಾಗುವ ಸಂಭವ ಹೆಚ್ಚು. ಹೀಗಾಗಿ ಮರಿಗಳನ್ನು ಎಣಿಸಿದರೆ ದೂರ ತಿಳಿಯುತ್ತದೆ. ಸರಳವಾದ, ಸುಂದರವಾದ ಲೆಕ್ಕ.

ಈ ಮಣಿಯ ಮೇಲೆ ಮೂರು ಹೊರೆಗಳಿದ್ದವು. ದೇಹದಲ್ಲಿ ಒಂದು ಕೆಲಸ ಮಾಡುವ ಘಟಕ ಅದೇ. ಮ್ಯುಟೇಶನ್, ಅಂದರೆ ನಮ್ಮ ಪಠ್ಯಪುಸ್ತಕಗಳು ಉತ್ಪರಿವರ್ತನೆ ಎಂದು ಕಲಿಸಿದ್ದು, ಆಗುವ ಘಟಕವೂ ಅದೇ. ತಂದೆತಾಯಿಯ ದಾರಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಕೈಬದಲಾಗುವ ಅತಿ ಚಿಕ್ಕ ಘಟಕವೂ ಅದೇ. ಮೂರೂ ಒಂದೇ ಎಂದು ಯಾರೂ ಸಾಧಿಸಿ ತೋರಿಸಿರಲಿಲ್ಲ. ಅಲ್ಲ ಎಂದು ತೋರಿಸಲು ಬೇಕಾದ ಸಾಧನ ಇರಲಿಲ್ಲ, ಅಷ್ಟೇ. 1940ರಲ್ಲಿ ಕ್ಲಾರೆನ್ಸ್ ಆಲಿವರ್ ಎಂಬುವರು ನೊಣದ ಒಂದು ಜೀನಿನ ಒಳಗೇ ದಾರ ತುಂಡಾದಂತಿರುವ ಕುರುಹು ಕಂಡಿದ್ದರು. ಗ್ಲಾಸ್ಗೋದಲ್ಲಿ ಇಟಲಿ ಮೂಲದ ಗೀಡೊ ಪಾಂಟೆಕೊರ್ವೊ ಒಂದು ಬಗೆಯ ಬೂಷ್ಟನ್ನು ಬೆಳೆಸಿ ಅಂಥದೇ ಸಂಶಯಕ್ಕೆ ಬಂದಿದ್ದರು. ಆದರೆ ಮಣಿಯ ಒಳಗೆ ಬಿರುಕು ಬೀಳುವುದು ಬಲು ಅಪರೂಪ. ಸಾವಿರ ಮರಿಗಳಲ್ಲಿ ಒಂದೂ ಸಿಗದಿರಬಹುದು. ಲಕ್ಷಗಟ್ಟಲೆ ನೊಣ ಎಣಿಸುವವರು ಯಾರು?

ಮಣಿಯನ್ನು ಕೊನೆಗೆ ಒಡೆದವರು ನೊಣದವರಲ್ಲ, ಬೂಷ್ಟಿನವರೂ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ, ಜರ್ಮೇನಿಯಂ ಅರೆವಾಹಕಗಳ ಮೇಲೆ ಪಿಎಚ್‌.ಡಿ. ಮಾಡಿದ್ದ ಸೀಮೂರ್ ಬೆಂಜರ್. ಅವರು ಬಳಸಿದ್ದು ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್, ಬ್ಯಾಕ್ಟೀರಿಯೊಫೇಜ್. ಬಳಕೆಯಲ್ಲಿ ಬರೀ ಫೇಜ್.

ಫೇಜ್ ಎಂದೊಡನೆ ನಮ್ಮಲ್ಲಿ ಗಂಗೆಯ ಮಾತು ಬರುತ್ತದೆ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಬ್ರಿಟಿಷ್ ಬ್ಯಾಕ್ಟೀರಿಯಾ ತಜ್ಞ, ಗಂಗಾ ಯಮುನಾ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಬರೆದದ್ದು ನಿಜ. ಆದರೆ ಅವರು ವೈರಸ್ ಕಂಡುಹಿಡಿದೆ ಎನ್ನಲಿಲ್ಲ. ಕಾರಣ ಆವಿಯಾಗಿ ಹೋಗುವ ಯಾವುದೋ ಪದಾರ್ಥ ಎಂದುಕೊಂಡಿದ್ದರು. ವಾಟ್ಸ್ಯಾಪಿನಲ್ಲಿ ಓಡಾಡುವ ಆವೃತ್ತಿ ಇದಕ್ಕಿಂತ ಬಹಳ ಉದ್ದವಾಗಿದೆ. ಫೇಜ್‌ಗಳನ್ನು ಗುರುತಿಸಿದ ಶ್ರೇಯ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ (1915) ಮತ್ತು ಪ್ಯಾರಿಸ್ಸಿನ ಫೆಲಿಕ್ಸ್ ಡೆರೆಲ್ (1917) ಅವರದು. ಹೆಸರಿಟ್ಟವರು ಡೆರೆಲ್. ಫೇಜ್‌ನಿಂದ ರೋಗ ಗುಣಪಡಿಸಬಹುದೆಂಬ ಹಂಬಲ ಅವರಿಗೆ. 1920ರ ದಶಕದಲ್ಲಿ ಭಾರತಕ್ಕೂ ಬಂದು ಕಾಲರಾ ರೋಗಿಗಳಿಗೆ ಕೊಟ್ಟು ನೋಡಿದರು. ಚಿಕಿತ್ಸೆಯ ಆ ಕತೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಡೆರೆಲ್ ಗಮನಿಸಿದ ಇನ್ನೊಂದು ಸಂಗತಿ: ತೂತು.

ಪೆಟ್ರಿ ತಟ್ಟೆಯಲ್ಲಿ ಅಗರ್ ಹಾಕಿ, ಅದರ ಮೇಲೆ ಕೋಟ್ಯಂತರ ಬ್ಯಾಕ್ಟೀರಿಯಾ ಹರಡಿದರೆ ಬೆಳಗಾಗುವಷ್ಟರಲ್ಲಿ ಮಂಜು ಕವಿದ ಗಾಜಿನಂತೆ ತಟ್ಟೆ ತುಂಬ ಒಂದು ಹಾಸು ಬೆಳೆದಿರುತ್ತದೆ. ಹರಡುವಾಗ ಕೆಲವು ಫೇಜ್ ಸೇರಿಸಿದ್ದರೆ, ಒಂದೊಂದು ಫೇಜ್ ಒಂದೊಂದು ಬ್ಯಾಕ್ಟೀರಿಯಾಕ್ಕೆ ಕಚ್ಚಿಕೊಂಡು, ಒಳಗೆ ಬೆಳೆದು, ಅರ್ಧ ಗಂಟೆಯಲ್ಲಿ ನೂರಾರು ಮರಿಗಳಾಗಿ ಅದನ್ನು ಒಡೆದು ಹೊರಬರುತ್ತದೆ. ಮರಿಗಳು ಪಕ್ಕದವಕ್ಕೆ ದಾಳಿಯಿಡುತ್ತವೆ. ಹೀಗೆ ಹಾಸಿನಲ್ಲಿ ದುಂಡನೆಯ, ತಿಳಿಯಾದ ತೂತು ಕಾಣುತ್ತದೆ. ಒಂದು ತೂತು ಅಂದರೆ ಮೊದಲಿಗಿದ್ದ ಒಂದು ಫೇಜ್. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ವಸ್ತುವನ್ನು ಬರಿಗಣ್ಣಿನಲ್ಲಿ, ಪೆನ್ನಿನಿಂದ ಗುರುತು ಹಾಕುತ್ತ ಎಣಿಸಬಹುದು. ಮುಂದಿನ ನಲವತ್ತು ವರ್ಷಗಳ ಸಾಹಸವೆಲ್ಲ ನಿಂತಿರುವುದು ಈ ಎಣಿಕೆಯ ಮೇಲೆ.

ಎಣಿಕೆಯ ಬಲವನ್ನು ಮೊದಲು ಕಂಡವರು ಮ್ಯಾಕ್ಸ್ ಡೆಲ್‌ಬ್ರುಕ್. ಜರ್ಮನಿಯವರು, ಮೂಲತಃ ಭೌತವಿಜ್ಞಾನಿ, ನೀಲ್ಸ್ ಬೋರ್ ಅವರ ಜೊತೆ ಇದ್ದು ಬಂದವರು. 1937ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ಗೆ ಬಂದಾಗ ಅಲ್ಲಿ ಎಮರಿ ಎಲ್ಲಿಸ್ ಎಂಬುವರು ಲಾಸ್ ಏಂಜಲೀಸಿನ ಚರಂಡಿ ನೀರಿನಿಂದ ಫೇಜ್ ತೆಗೆದು ಎಣಿಸುತ್ತಿದ್ದರು. ಡೆಲ್‌ಬ್ರುಕ್ ಅಲ್ಲೇ ಸೋತರು. ಭೌತಶಾಸ್ತ್ರಕ್ಕೆ ಹೈಡ್ರೋಜನ್ ಪರಮಾಣು ಹೇಗೋ ಜೀವಶಾಸ್ತ್ರಕ್ಕೆ ಫೇಜ್ ಹಾಗೆ, ಅತಿ ಸರಳವಾದದ್ದು ಎಂಬುದು ಅವರ ಲೆಕ್ಕ. ಇಟಲಿಯ ಯಹೂದಿ ಸಾಲ್ವಡಾರ್ ಲೂರಿಯಾ, ನಾಜಿಗಳು ಪ್ಯಾರಿಸ್ಸಿಗೆ ಬಂದಾಗ ಅಲ್ಲಿಂದ ತಪ್ಪಿಸಿಕೊಂಡು ಅಮೆರಿಕ ಸೇರಿ ಇವರ ಜೊತೆಗೂಡಿದರು. ಯುದ್ಧ ನಡೆಯುತ್ತಿದ್ದ ಕಾಲ. ಕಾಗದಪತ್ರಗಳ ಪ್ರಕಾರ ಇಬ್ಬರೂ ಅಮೆರಿಕದ ಪಾಲಿಗೆ ಶತ್ರುದೇಶದವರು. ಹಾಗಾಗಿ ಗುಪ್ತ ಯುದ್ಧಕಾರ್ಯಗಳಿಗೆ ಅವರನ್ನು ಯಾರೂ ಎಳೆಯಲಿಲ್ಲ, ಫೇಜ್ ಎಣಿಸಲು ಬಿಡುವು ಸಿಕ್ಕಿತು.

ಅವರ ಮುಂದಿದ್ದ ಪ್ರಶ್ನೆ ಮ್ಯುಟೇಶನ್‌ಗೆ ಸೇರಿದ್ದು. ಬ್ಯಾಕ್ಟೀರಿಯಾದ ಹಾಸಿಗೆ ಬೇಕಾದಷ್ಟು ಫೇಜ್ ಸುರಿದರೂ ಎಲ್ಲೋ ಕೆಲವು ಬ್ಯಾಕ್ಟೀರಿಯಾ ಬದುಕಿ ಉಳಿಯುತ್ತವೆ, ಅವುಗಳ ಸಂತತಿಗೂ ಫೇಜ್ ತಗಲುವುದಿಲ್ಲ. ಈ ತಡೆಯುವ ಶಕ್ತಿ ಬಂದದ್ದು ಯಾವಾಗ? ಫೇಜ್ ಎದುರಾದ ಮೇಲೆ ಬ್ಯಾಕ್ಟೀರಿಯಾ ಅದಕ್ಕೆ ಹೊಂದಿಕೊಂಡಿತೋ? ಅಥವಾ ಫೇಜ್ ಬರುವ ಮೊದಲೇ, ಅದರ ಸುದ್ದಿಯೇ ಇಲ್ಲದೆ, ಆಕಸ್ಮಿಕವಾಗಿ ಕೆಲವು ಹಾಗೆ ಹುಟ್ಟಿದ್ದವೋ?

ಉತ್ತರದ ದಾರಿ ಲೂರಿಯಾಗೆ ಹೊಳೆದದ್ದು ಬ್ಲೂಮಿಂಗ್ಟನ್ನಿನ ಒಂದು ನೃತ್ಯಕೂಟದಲ್ಲಿ. ಸಹೋದ್ಯೋಗಿಯೊಬ್ಬರು ಅಲ್ಲಿದ್ದ ಜೂಜಿನ ಯಂತ್ರಕ್ಕೆ ನಾಣ್ಯ ಹಾಕಿ ಹಾಕಿ ಕಳೆದುಕೊಳ್ಳುತ್ತಿದ್ದರು. ಲೂರಿಯಾ ನಕ್ಕು ಗೇಲಿ ಮಾಡುತ್ತಿರುವಾಗಲೇ ಯಂತ್ರ ಒಮ್ಮೆಲೇ ಮೂರು ಡಾಲರಿನಷ್ಟು ಚಿಲ್ಲರೆಯನ್ನು ಸುರಿಯಿತು. ಬಹುಪಾಲು ಸಲ ಸೊನ್ನೆ, ಎಲ್ಲೋ ಒಮ್ಮೆ ರಾಶಿ. ಲೂರಿಯಾ ಆಲೋಚಿಸಿದರು: ಬೇರೆ ಬೇರೆ ಕೊಳವೆಗಳಲ್ಲಿ ಕೆಲವೇ ಬ್ಯಾಕ್ಟೀರಿಯಾ ಹಾಕಿ ಬೆಳೆಸಿ, ಆಮೇಲೆ ಒಂದೊಂದು ಕೊಳವೆಯನ್ನೂ ಫೇಜ್ ತುಂಬಿದ ತಟ್ಟೆಗೆ ಸುರಿದರೆ? ಫೇಜ್ ಕಂಡ ಮೇಲೆ ಹೊಂದಿಕೊಳ್ಳುವುದಾದರೆ ಎಲ್ಲ ತಟ್ಟೆಯಲ್ಲೂ ಹೆಚ್ಚು ಕಡಿಮೆ ಒಂದೇ ಲೆಕ್ಕದಲ್ಲಿ ಉಳಿಯಬೇಕು. ಮೊದಲೇ ಆಕಸ್ಮಿಕವಾಗಿ ಆಗುವುದಾದರೆ ಯಾವ ಕೊಳವೆಯಲ್ಲಿ ಆ ಆಕಸ್ಮಿಕ ಬೇಗ ಆಯಿತೋ ಅಲ್ಲಿ ಮಕ್ಕಳು ಮೊಮ್ಮಕ್ಕಳು ತುಂಬಿ ರಾಶಿ, ಉಳಿದೆಡೆ ಸೊನ್ನೆಯೋ ಒಂದೋ ಎರಡೋ. ತಟ್ಟೆಗಳು ಜೂಜಿನ ಯಂತ್ರದಂತೆಯೇ ನಡೆದುಕೊಂಡವು. ಗಣಿತವನ್ನು ಡೆಲ್‌ಬ್ರುಕ್ ಕೂಡಿಸಿ ಬರೆದರು, 1943ರಲ್ಲಿ ಪ್ರಬಂಧ ಅಚ್ಚಾಯಿತು. ಮ್ಯುಟೇಶನ್ ಅಗತ್ಯವನ್ನು ಕೇಳಿಕೊಂಡು ಬರುವುದಿಲ್ಲ. ಇಂದು ಆಸ್ಪತ್ರೆಗಳಲ್ಲಿ ಆಂಟಿಬಯೋಟಿಕ್‌ಗೆ ಜಗ್ಗದ ರೋಗಾಣುಗಳ ಬಗ್ಗೆ ಮಾತಾಡುವಾಗಲೂ ನಾವು ಈ ತಟ್ಟೆಗಳ ಬಗ್ಗೆಯೇ ಮಾತಾಡುತ್ತಿರುತ್ತೇವೆ.

ಇಲ್ಲಿ ಮ್ಯುಟೇಶನ್ ಆದದ್ದು ಬ್ಯಾಕ್ಟೀರಿಯಾದಲ್ಲಿ. ಫೇಜ್ ಬರೀ ಪರೀಕ್ಷಕ. ಆದರೆ ಫೇಜ್‌ನಲ್ಲೂ ಮ್ಯುಟೇಶನ್ ಆಗುತ್ತದೆ. ಅದನ್ನು ಗಂಭೀರವಾಗಿ ಹಿಡಿದವರು ಮಿತಭಾಷಿ ಆಲ್ಫ್ರೆಡ್ ಹರ್ಷಿ. ಟಿ2, ಟಿ4 ಫೇಜ್‌ಗಳ ತೂತು ಸಾಮಾನ್ಯವಾಗಿ ಚಿಕ್ಕದು, ಅಂಚು ಮಸುಕು. ಅಪರೂಪಕ್ಕೆ ದೊಡ್ಡದಾಗಿ, ಅಂಚು ಕೊರೆದಂತಿರುವ ತೂತು ಕಾಣುತ್ತದೆ. ಬ್ಯಾಕ್ಟೀರಿಯಾವನ್ನು ಬೇಗ ಒಡೆಯುವ ಇಂಥ ಫೇಜ್‌ಗಳಿಗೆ ಹರ್ಷಿ ಆರ್ ಎಂದು ಹೆಸರಿಟ್ಟರು. ಎರಡು ಬಗೆಯ ಫೇಜ್‌ಗಳನ್ನು ಒಂದೇ ಬ್ಯಾಕ್ಟೀರಿಯಾಕ್ಕೆ ಹತ್ತಿಸಿದರೆ ಅವು ಒಳಗೆ ಗುಣಗಳನ್ನು ಅದಲುಬದಲು ಮಾಡಿಕೊಂಡು ಹೊಸ ಕೂಟದ ಮರಿಗಳಾಗುತ್ತವೆ ಎಂದೂ 1940ರ ದಶಕದಲ್ಲಿ ಗೊತ್ತಾಯಿತು. ಅಂದರೆ ನೊಣಗಳಂತೆ ಫೇಜ್‌ಗಳಿಗೂ ನಕಾಶೆ ಬರೆಯಬಹುದು. ಫೇಜ್ ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದೊಳಗೆ ಕಳಿಸಿ ಪ್ರೋಟೀನ್ ಕವಚವನ್ನು ಬಹುಪಾಲು ಹೊರಗೇ ಬಿಡುತ್ತದೆ ಎಂದು 1952ರಲ್ಲಿ ಹರ್ಷಿ ಮತ್ತು ಮಾರ್ಥಾ ಚೇಸ್ ತೋರಿಸಿದ್ದು ಎಲ್ಲರಿಗೂ ಪಾಠವಾಗಿದೆ, ಅಲ್ಲಿ ನಿಲ್ಲುವುದಿಲ್ಲ. ಮರುವರ್ಷ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಎರಡೆಳೆಯ ಏಣಿ ಎಂದರು.

ಈಗ ಕಷ್ಟದ ಪ್ರಶ್ನೆ ಎದುರು ಬಂತು. ಡಿಎನ್‌ಎ ಅಂದರೆ ನಾಲ್ಕು ಅಕ್ಷರಗಳ ಉದ್ದನೆಯ ಸಾಲು. ಹಾಗಿದ್ದರೆ ಮಣಿ ಎಲ್ಲಿದೆ? ರಸಾಯನಶಾಸ್ತ್ರಜ್ಞರು ಕಂಡ ಅಕ್ಷರಸಾಲಿಗೂ ನೊಣ ಎಣಿಸಿದವರು ಕಂಡ ಮಣಿಸರಕ್ಕೂ ಸೇತುವೆ ಇರಲಿಲ್ಲ.

ಬೆಂಜರ್ 1921ರಲ್ಲಿ ಬ್ರೂಕ್ಲಿನ್ನಿನ ಬಟ್ಟೆ ಕೆಲಸದವರ ಮನೆಯಲ್ಲಿ ಹುಟ್ಟಿದವರು. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬ. ಶ್ರೋಡಿಂಗರ್ ಅವರ ‘ವಾಟ್ ಈಸ್ ಲೈಫ್?’ ಓದಿ ಭೌತಶಾಸ್ತ್ರದಿಂದ ಆಚೆ ಹೊರಟ ಹಲವರಲ್ಲಿ ಇವರೂ ಒಬ್ಬರು. 1948ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಫೇಜ್ ಕೋರ್ಸ್ ಕಲಿತು, ಕ್ಯಾಲ್‌ಟೆಕ್‌ನಲ್ಲಿ ಡೆಲ್‌ಬ್ರುಕ್ ಜೊತೆ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಆಂದ್ರೆ ಲ್ವಾಫ್ ಜೊತೆ ಕಾಲ ಕಳೆದು ಮರಳಿ ಪರ್ಡ್ಯೂಗೆ ಬಂದರು. ರಾತ್ರಿ ಕೆಲಸ ಮಾಡುವ ಸ್ವಭಾವ. ಮರಳಿ ಬಂದ ಹೊಸದರಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ಒಂದು ಸಣ್ಣ ಪ್ರಯೋಗಕ್ಕೆ ಸಿದ್ಧತೆ ನಡೆಸಿದ್ದರು. ಟಿ4ರ ಆರ್ ಮ್ಯುಟೆಂಟ್‌ಗಳನ್ನು ಬ್ಯಾಕ್ಟೀರಿಯಾದ ಎರಡು ತಳಿಗಳ ಮೇಲೆ ಹಾಕಿದರು. ಎಂದಿನ ಬಿ ತಳಿಯ ಮೇಲೆ ದೊಡ್ಡ ತೂತುಗಳು ಬಂದವು. ಕೆ ತಳಿಯ ತಟ್ಟೆ ಖಾಲಿ. ಒಂದು ತೂತೂ ಇಲ್ಲ.

ಫೇಜ್ ಹಾಕುವುದನ್ನೇ ಮರೆತಿರಬೇಕು ಎಂದುಕೊಂಡರಂತೆ ಬೆಂಜರ್. ಮತ್ತೊಮ್ಮೆ ಮಾಡಿದರು. ಮತ್ತೆ ಖಾಲಿ. ಈ ಕೆ ತಳಿ ತನ್ನೊಳಗೆ ಲ್ಯಾಂಬ್ಡಾ ಎಂಬ ಬೇರೊಂದು ಫೇಜನ್ನು ಮಲಗಿದ ಸ್ಥಿತಿಯಲ್ಲಿ ಇಟ್ಟುಕೊಂಡಿತ್ತು. ಅದಿದ್ದ ಕಡೆ ಮಾಮೂಲಿ ಟಿ4 ಬೆಳೆಯುತ್ತದೆ, ಆರ್ ಮ್ಯುಟೆಂಟ್‌ಗಳಲ್ಲಿ ಆರ್-2 ಎಂಬ ಗುಂಪಿನವು ಮಾತ್ರ ಬೆಳೆಯುವುದಿಲ್ಲ.

ಖಾಲಿ ತಟ್ಟೆಯನ್ನು ತೊಳೆದಿಟ್ಟು ಮುಂದಕ್ಕೆ ಹೋಗಬಹುದಿತ್ತು. ಬೆಂಜರ್‌ಗೆ ಕಂಡದ್ದು ಬೇರೆ. ಎರಡು ಬೇರೆ ಬೇರೆ ಆರ್-2 ಮ್ಯುಟೆಂಟ್‌ಗಳನ್ನು ಬಿ ತಳಿಯಲ್ಲಿ ಒಟ್ಟಿಗೆ ಬೆಳೆಸೋಣ. ಹುಟ್ಟುವ ಕೋಟ್ಯಂತರ ಮರಿಗಳಲ್ಲಿ ಎಲ್ಲೋ ಒಂದೆರಡರಲ್ಲಿ ಇಬ್ಬರ ಸರಿಯಿದ್ದ ಭಾಗಗಳು ಸೇರಿ ಪೂರಾ ಸರಿಯಾದ ಫೇಜ್ ಆಗಿರುತ್ತದೆ. ಎಲ್ಲವನ್ನೂ ಕೆ ತಳಿಯ ಮೇಲೆ ಸುರಿದರೆ ಕೆಟ್ಟವೆಲ್ಲ ತಾವಾಗಿ ಸಾಯುತ್ತವೆ. ಆ ಒಂದೆರಡು ಮಾತ್ರ ತೂತು ಕೊರೆದು ತಾವಿದ್ದೇವೆ ಎಂದು ಹೇಳುತ್ತವೆ. ನೊಣದವರು ಒಂದೊಂದನ್ನೂ ಎತ್ತಿ ನೋಡಬೇಕಿತ್ತು. ಇಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಹಾಕಿದರೆ ಸೂಜಿ ಉಳಿಯುತ್ತದೆ. ಮಣಿಯೊಳಗಿನ ಬಿರುಕು ಎಷ್ಟೇ ಅಪರೂಪವಾಗಿರಲಿ, ಒಂದು ರಾತ್ರಿಯಲ್ಲಿ, ಒಂದು ತಟ್ಟೆಯಲ್ಲಿ ಕಾಣುತ್ತದೆ. ಇದು ಡಿಎನ್‌ಎಯ ಒಂದೊಂದು ಅಕ್ಷರದ ಅಂತರದವರೆಗೂ ಹೋಗಬಲ್ಲ ಸಾಧನ ಎಂದು ಲೆಕ್ಕ ಹಾಕಿದಾಗ ಅವರಿಗೆ ಗೊತ್ತಾಯಿತು.

ಮಣಿ ಒಡೆಯಿತು. ಒಂದೇ ಜೀನಿನಲ್ಲಿ ಹಾಳಾದ ಎರಡು ಫೇಜ್‌ಗಳು ಸೇರಿ ಸರಿಯಾದದ್ದು ಹುಟ್ಟಿತು. ಒಂದು ಜೋಡಿಯಲ್ಲಲ್ಲ, ಮತ್ತೆ ಮತ್ತೆ. 1955ರಲ್ಲಿ ಮೊದಲ ಪ್ರಬಂಧ ಬಂತು. ಅದಕ್ಕೂ ಮೊದಲು ಹಸ್ತಪ್ರತಿ ನೋಡಿದ ಡೆಲ್‌ಬ್ರುಕ್, ಇದನ್ನು ಬರೆಯುವ ಮುನ್ನ ನೀನು ಸರಿಯಾಗಿಯೇ ಕುಡಿದಿರಬೇಕು, ನಾನು ಗೌರವಿಸುವ ಅನೇಕರಿಗೆ ಇದರಿಂದ ನೋವಾಗುತ್ತದೆ ಎಂಬರ್ಥದ ಟಿಪ್ಪಣಿ ಹಾಕಿದ್ದರು. ನೋವಾಗುವುದು ಸಹಜವೇ. ನಲವತ್ತು ವರ್ಷ ಒಂದು ಪದವನ್ನು ನೆಚ್ಚಿ ಬದುಕಿದವರಿಗೆ ಆ ಪದದಲ್ಲೇ ಬಿರುಕಿದೆ ಎಂದರೆ ಹೇಗಿರಬೇಡ!

ಬಿರುಕು ಎಲ್ಲಿತ್ತು ಎಂದು ತಿಳಿಯಲು ಬೆಂಜರ್ ಇನ್ನೊಂದು ಪರೀಕ್ಷೆ ಮಾಡಿದರು. ಬ್ಯಾಚುಲರ್ ರೂಮಿನ ಕುಕ್ಕರ್ ನೆನಪಿಸಿಕೊಳ್ಳಿ. ಎರಡು ಕೆಟ್ಟ ಕುಕ್ಕರ್‌ಗಳಿವೆ. ಒಂದರ ಪಾತ್ರೆ ತೂತು, ಇನ್ನೊಂದರ ಮುಚ್ಚಳ ಹಾಳು. ಅದರ ಪಾತ್ರೆಗೆ ಇದರ ಮುಚ್ಚಳ ಹಾಕಿದರೆ ರಾತ್ರಿಯ ಅನ್ನವಾಗುತ್ತದೆ. ಎರಡರದ್ದೂ ಮುಚ್ಚಳವೇ ಹಾಳಾಗಿದ್ದರೆ, ಒಂದರದ್ದು ಗ್ಯಾಸ್ಕೆಟ್, ಇನ್ನೊಂದರದ್ದು ವಿಶಲ್, ಮುಚ್ಚಳ ಅದಲುಬದಲು ಮಾಡಿ ಪ್ರಯೋಜನವಿಲ್ಲ; ಗ್ಯಾಸ್ಕೆಟ್ ಬಿಚ್ಚಿ ಇನ್ನೊಂದಕ್ಕೆ ಕೂರಿಸಬೇಕು. ಬೆಂಜರ್ ಎರಡೆರಡು ಮ್ಯುಟೆಂಟ್‌ಗಳನ್ನು ಈ ಸಲ ನೇರವಾಗಿ ಕೆ ತಳಿಗೆ ಒಟ್ಟಿಗೆ ಹತ್ತಿಸಿ, ಬಿಡಿಭಾಗ ಬಿಚ್ಚದೆ ಒಂದಕ್ಕೊಂದು ನೆರವಾಗಿ ಬೆಳೆಯುತ್ತವೆಯೇ ಎಂದು ನೋಡಿದರು. ಎಲ್ಲ ಆರ್-2 ಮ್ಯುಟೆಂಟ್‌ಗಳೂ ಎರಡು ಗುಂಪಾಗಿ ಒಡೆದವು, ಎ ಮತ್ತು ಬಿ. ಪಾತ್ರೆ ಮತ್ತು ಮುಚ್ಚಳ. ನಕಾಶೆಯಲ್ಲಿ ಎ ಗುಂಪಿನವೆಲ್ಲ ಒಂದು ಕಡೆ, ಬಿ ಗುಂಪಿನವೆಲ್ಲ ಪಕ್ಕದಲ್ಲಿ, ನಡುವೆ ಸ್ಪಷ್ಟ ಗಡಿ. ಕೆಲಸ ಮಾಡುವ ಇಂಥ ಘಟಕವನ್ನು ಅವರು ಸಿಸ್ಟ್ರಾನ್ ಎಂದು ಕರೆದರು. ಮ್ಯುಟೇಶನ್ನಿನ ಅತಿ ಚಿಕ್ಕ ಘಟಕಕ್ಕೆ ಮ್ಯೂಟಾನ್, ಅದಲುಬದಲಿನ ಅತಿ ಚಿಕ್ಕ ಘಟಕಕ್ಕೆ ರೆಕಾನ್. ಮೂರು ಹೊರೆಗಳಿಗೆ ಮೂರು ಹೆಸರು. ಸಿಸ್ಟ್ರಾನ್ ಸಾವಿರಗಟ್ಟಲೆ ಅಕ್ಷರದ್ದು, ಉಳಿದೆರಡು ಒಂದೆರಡು ಅಕ್ಷರದಷ್ಟು. ಭೌತವಿಜ್ಞಾನಿಗೆ ಎಲ್ಲವೂ ಎಲೆಕ್ಟ್ರಾನ್, ನ್ಯೂಟ್ರಾನ್ ಹಾಗೆ ಕೇಳಿಸಬೇಕಿತ್ತೋ ಏನೋ! ಮ್ಯೂಟಾನ್, ರೆಕಾನ್ ಬೇಗ ಮರೆತುಹೋದವು, ಸಿಸ್ಟ್ರಾನ್ ಬಹುಕಾಲ ಉಳಿಯಿತು. ಕೊನೆಗೆ ‘ಜೀನ್’ ಎಂಬ ಹಳೆಯ ಪದವೇ ಹೊಸ ಅರ್ಥ ಹೊತ್ತು ಮರಳಿತು.

ಒಳಗಿನ ಅನುಕ್ರಮ ನಿಜಕ್ಕೂ ಒಂದು ಗೆರೆಯೇ, ಕವಲುಗಳಿಲ್ಲವೇ? ಇದಕ್ಕೆ ಬೆಂಜರ್ ಹುಡುಕಿದ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಕೆಲವು ಮ್ಯುಟೆಂಟ್‌ಗಳು ಎಂದಿಗೂ ಮರಳಿ ಸರಿಹೋಗುವುದಿಲ್ಲ. ಅವುಗಳಲ್ಲಿ ಡಿಎನ್‌ಎಯ ಒಂದು ತುಂಡೇ ಬಿದ್ದುಹೋಗಿರುತ್ತದೆ. ಮುಂಬೈ ಲೋಕಲ್‌ನಲ್ಲಿ ಒಬ್ಬ ದಾದರಿನಿಂದ ಠಾಣೆಯವರೆಗೆ ನಿದ್ದೆ ಹೋದ, ಇನ್ನೊಬ್ಬ ಕುರ್ಲಾದಿಂದ ಕಲ್ಯಾಣದವರೆಗೆ ಎನ್ನಿ. ಇಬ್ಬರನ್ನೂ ಕೂರಿಸಿ ಕೇಳಿದರೂ ಕುರ್ಲಾ-ಠಾಣೆ ನಡುವಿನ ಸ್ಟೇಷನ್‌ಗಳ ಹೆಸರು ಬರುವುದಿಲ್ಲ. ಮೂರನೆಯವನು ಕಲ್ಯಾಣ ದಾಟಿದ ಮೇಲೆ ಮಲಗಿದ್ದರೆ ಮೊದಲನೆಯವನೂ ಅವನೂ ಸೇರಿ ಪೂರ್ತಿ ದಾರಿ ಹೇಳಬಲ್ಲರು. ಇಂಥ ಸಾಕಷ್ಟು ನಿದ್ದೆಗಾರರಿದ್ದರೆ, ಯಾರ್ಯಾರ ಜೋಡಿಗೆ ದಾರಿ ಪೂರ್ತಿಯಾಗುತ್ತದೆ, ಯಾರ್ಯಾರದ್ದಕ್ಕೆ ಆಗುವುದಿಲ್ಲ ಎಂಬುದೊಂದರಿಂದಲೇ, ನಕಾಶೆ ನೋಡದೆ, ರೈಲುದಾರಿಯ ಆಕಾರ ಹೇಳಬಹುದು. ಬೆಂಜರ್ 145 ಇಂಥ ಮ್ಯುಟೆಂಟ್‌ಗಳನ್ನು ಹೀಗೆ ಜೋಡಿಸಿ ನೋಡಿದರು. 1959ರಲ್ಲಿ ಉತ್ತರ ಪ್ರಕಟವಾಯಿತು: ಎಲ್ಲವೂ ಒಂದೇ ಗೆರೆಗೆ ಹೊಂದುತ್ತವೆ. ಕಲ್ಯಾಣದಲ್ಲಿ ಕಸಾರಾಕ್ಕೂ ಕರ್ಜತ್‌ಗೂ ಸೀಳಿದಂತೆ ಜೀನ್ ಎಲ್ಲಿಯೂ ಸೀಳುವುದಿಲ್ಲ.

ಆಮೇಲಿನದು ಶುದ್ಧ ಕೂಲಿ ಕೆಲಸ, ಆದರೆ ಎಂಥ ಕೂಲಿ! ತಾವಾಗಿಯೇ ಹುಟ್ಟಿದ 1,600ಕ್ಕೂ ಹೆಚ್ಚು ಆರ್-2 ಮ್ಯುಟೆಂಟ್‌ಗಳನ್ನು ಹೆಕ್ಕಿ, ಒಂದೊಂದೂ ಗೆರೆಯ ಮೇಲೆ ಎಲ್ಲಿ ಕೂರುತ್ತದೆಂದು ಗುರುತಿಸಿ, 1961ರಲ್ಲಿ ನಕಾಶೆ ಪ್ರಕಟಿಸಿದರು. ಸುಮಾರು 250 ಬೇರೆ ಬೇರೆ ಜಾಗಗಳು ಸಿಕ್ಕವು. ಮ್ಯುಟೇಶನ್ ಆಕಸ್ಮಿಕ ಎಂದು ಲೂರಿಯಾ ತೋರಿಸಿದ್ದರಲ್ಲ, ಹಾಗಾದರೆ ಎಲ್ಲ ಜಾಗಕ್ಕೂ ಸಮನಾಗಿ ಬೀಳಬೇಕಿತ್ತು. ಬೀಳಲಿಲ್ಲ. ಎಷ್ಟೋ ಜಾಗಗಳಿಗೆ ಒಂದೊಂದೇ ಸಲ, ಒಂದು ಜಾಗಕ್ಕಂತೂ 500ಕ್ಕೂ ಹೆಚ್ಚು ಸಲ. ಮಳೆ ಯಾವಾಗ ಬೀಳುತ್ತದೋ ತಿಳಿಯದು, ಆದರೆ ಆಗುಂಬೆಗೆ ಹೆಚ್ಚು ಬೀಳುತ್ತದೆ. ಅರ್ನ್ಸ್ಟ್ ಫ್ರೀಜ್ ಜೊತೆ ಸೇರಿ, ಡಿಎನ್‌ಎಯ ಅಕ್ಷರವೊಂದನ್ನು ಹೋಲುವ ರಾಸಾಯನಿಕ ಕೊಟ್ಟು ಮ್ಯುಟೇಶನ್ ಮಾಡಿಸಿದಾಗ ಮಳೆ ಬೇರೆಯೇ ಊರುಗಳಲ್ಲಿ ಬಿತ್ತು. ಆಯಾ ಜಾಗದ ಅಕ್ಷರ, ಅಕ್ಕಪಕ್ಕದ ಅಕ್ಷರ, ತಾಗಿದ ರಾಸಾಯನಿಕದ ಗುಣ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮ್ಯುಟೇಶನ್ ಎಂಬುದು ಅಮೂರ್ತ ದೈವಲೀಲೆಯಾಗಿ ಉಳಿಯದೆ ರಸಾಯನಶಾಸ್ತ್ರದ ಘಟನೆಯಾಯಿತು.

ಈ ಅವಧಿಯಲ್ಲಿ ಬೆಂಜರ್ ಬರೆದ ಪ್ರಬಂಧಗಳ ಭರಕ್ಕೆ ಡೆಲ್‌ಬ್ರುಕ್ ಸುಸ್ತಾಗಿ, ಬೆಂಜರ್ ಅವರ ಹೆಂಡತಿ ಡಾಟಿಗೆ ಹೋದ ಪತ್ರದ ಕೊನೆಯಲ್ಲಿ, ಇಷ್ಟೊಂದು ಬರೆಯುವುದನ್ನು ನಿಲ್ಲಿಸಲು ನಿಮ್ಮವರಿಗೆ ಹೇಳಿ, ಬರೆಯಲೇಬೇಕಿದ್ದರೆ ಮುಖ್ಯವಾದದ್ದರ ಕೆಳಗೆ ಗೆರೆ ಎಳೆಯಲಿ ಎಂದು ಸೇರಿಸಿದ್ದರು.

ಇಷ್ಟೆಲ್ಲ ನಕಾಶೆ ಬರೆದ ಜೀನ್ ಮಾಡುವ ಕೆಲಸ ಏನು? ಆಗ ಯಾರಿಗೂ ಗೊತ್ತಿರಲಿಲ್ಲ. ಆರ್-2 ತಯಾರಿಸುವ ಪ್ರೋಟೀನನ್ನು ಯಾರೂ ಕಂಡಿರಲಿಲ್ಲ. ಮನೆಯ ಇಟ್ಟಿಗೆ ಇಟ್ಟಿಗೆಯನ್ನೂ ಎಣಿಸಿ ಮುಗಿಸಿದ್ದಾರೆ, ಒಳಗೆ ವಾಸಿಸುವವರು ಯಾರೆಂದು ತಿಳಿಯದು. ವಿಚಿತ್ರವೆಂದರೆ ಈ ಅಜ್ಞಾನ ಮುಂದಿನ ಹೆಜ್ಜೆಗೂ ಅಡ್ಡಿಯಾಗಲಿಲ್ಲ.

ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್ ಮತ್ತು ಸಿಡ್ನಿ ಬ್ರೆನ್ನರ್ ಬೆಂಜರ್ ಅವರ ಈ ನಕಾಶೆಯನ್ನೇ ಎತ್ತಿಕೊಂಡರು. ಬೇಕಾಗಿದ್ದುದು ಡಿಎನ್‌ಎಯ ಅಕ್ಷರಗಳನ್ನು ಜೀವಕೋಶ ಎಷ್ಟೆಷ್ಟರಂತೆ ಓದುತ್ತದೆ ಎಂಬುದು. ಪ್ರೊಫ್ಲೇವಿನ್ ಎಂಬ ಬಣ್ಣ ಡಿಎನ್‌ಎಗೆ ಒಂದು ಅಕ್ಷರ ಸೇರಿಸುತ್ತದೆ ಅಥವಾ ಒಂದನ್ನು ಕೀಳುತ್ತದೆ ಎಂದು ಅವರ ಊಹೆ. ಕನ್ನಡದಲ್ಲಿ ಆಡಿ ನೋಡೋಣ. ಮೂರು ಮೂರು ಅಕ್ಷರಗಳ ಮಾತು: ರಮಣ ಮರದ ಕೆಳಗೆ ನಡೆದು ಬರಲು. ಮೊದಲ ಪದದ ನಂತರ ‘ಸ’ ಒಂದನ್ನು ತುರುಕಿ, ಮತ್ತೆ ಮೂರು ಮೂರಾಗಿ ಓದಿ: ರಮಣ ಸಮರ ದಕೆಳ ಗೆನಡೆ ದುಬರ ಲು. ಅಲ್ಲಿಂದ ಮುಂದೆ ಎಲ್ಲ ಕೆಟ್ಟಿತು. ಈಗ ಮುಂದಿನ ‘ಗೆ’ ಒಂದನ್ನು ಕಿತ್ತುಹಾಕಿ: ರಮಣ ಸಮರ ದಕೆಳ ನಡೆದು ಬರಲು. ನಡುವೆ ಸ್ವಲ್ಪ ಹಾಳಾದರೂ ಕೊನೆ ಸರಿಹೋಯಿತು. ಫೇಜ್‌ನಲ್ಲೂ ಹಾಗೇ ಆಯಿತು: ಒಂದು ಸೇರಿಕೆ ಮ್ಯುಟೇಶನ್‌ಗೆ ಒಂದು ಕಳೆತದ ಮ್ಯುಟೇಶನ್ ಕೂಡಿಸಿದರೆ ಕೆ ತಳಿಯ ಮೇಲೆ ತೂತು ಬಂತು. ಎರಡು ಸೇರಿಕೆ ಕೂಡಿಸಿದರೆ ತೂತಿಲ್ಲ. ಮೂರು ಕೂಡಿಸಿದರೆ?

1961ರ ಒಂದು ರಾತ್ರಿ ಕ್ರಿಕ್ ಮತ್ತು ಸಹೋದ್ಯೋಗಿ ಲೆಸ್ಲಿ ಬಾರ್ನೆಟ್ ಆ ತಟ್ಟೆಯನ್ನು ತೆಗೆದು ನೋಡಿದರು. ತೂತುಗಳಿದ್ದವು. ಇದು ಮೂರಕ್ಷರದ ಸಂಕೇತ ಎಂದು ಜಗತ್ತಿನಲ್ಲಿ ಗೊತ್ತಿರುವವರು ನಾವಿಬ್ಬರೇ ಎಂದು ಕ್ರಿಕ್ ಬಾರ್ನೆಟ್‌ಗೆ ಹೇಳಿದರು. ಎರಡರ ಗುಣಕವೋ ನಾಲ್ಕರದೋ ಆಗಿದ್ದರೆ ತಟ್ಟೆ ಖಾಲಿ ಇರುತ್ತಿತ್ತು. ಯಾವ ಪ್ರೋಟೀನನ್ನೂ ಬೇರ್ಪಡಿಸದೆ, ಒಂದು ಅಕ್ಷರವನ್ನೂ ಓದದೆ, ಬರೀ ತೂತು ಇದೆಯೋ ಇಲ್ಲವೋ ಎಂದು ನೋಡಿ ತಲುಪಿದ ತೀರ್ಮಾನವಿದು. ಬುದ್ಧಿ ಇಷ್ಟು ಅಗ್ಗದ ಸಾಮಾನಿನಿಂದ ಇಷ್ಟು ದೂರ ಹೋದ ಉದಾಹರಣೆ ವಿಜ್ಞಾನದಲ್ಲಿ ಕಡಿಮೆ.

ಆದರೂ ಒಂದು ಕೊಂಡಿ ಬಾಕಿಯಿತ್ತು. ಜೀನಿನ ಗೆರೆಯ ಅನುಕ್ರಮವೂ ಅದು ಹೇಳಿ ಮಾಡಿಸುವ ಪ್ರೋಟೀನಿನ ಅನುಕ್ರಮವೂ ಒಂದೇ ಎಂದು ನೇರವಾಗಿ ತೋರಿಸಬೇಕು. ಪ್ರೋಟೀನೇ ಸಿಗದ ಆರ್-2ರಲ್ಲಿ ಅದು ಸಾಧ್ಯವಿರಲಿಲ್ಲ. ಕ್ಯಾಲ್‌ಟೆಕ್‌ನಲ್ಲಿ ಟಿ4ರಲ್ಲೇ ಇನ್ನೊಂದು ಬಗೆಯ ಮ್ಯುಟೆಂಟ್‌ಗಳು ಸಿಕ್ಕಿದ್ದವು. ಹುಡುಕಾಟಕ್ಕೆ ನೆರವಾದ ವಿದ್ಯಾರ್ಥಿ ಹ್ಯಾರಿಸ್ ಬರ್ನ್‌ಸ್ಟೈನ್ ಹೆಸರನ್ನು ಅವಕ್ಕೆ ಇಡುವ ಮಾತಾಗಿತ್ತು. ಜರ್ಮನ್ ಭಾಷೆಯಲ್ಲಿ ಬರ್ನ್‌ಸ್ಟೈನ್ ಅಂದರೆ ಆ್ಯಂಬರ್, ಮರದ ಅಂಟು ಕಲ್ಲಾದದ್ದು. ಹಾಗೆ ಇವು ಆ್ಯಂಬರ್ ಮ್ಯುಟೆಂಟ್‌ಗಳಾದವು. ಇಲ್ಲಿ ಮ್ಯುಟೇಶನ್ ಪೂರ್ಣವಿರಾಮದಂತೆ: ಪ್ರೋಟೀನು ಅಲ್ಲಿಗೇ ನಿಲ್ಲುತ್ತದೆ. ಫೇಜ್‌ನ ತಲೆಯ ಪ್ರೋಟೀನು ಹೇರಳವಾಗಿ ಸಿಗುವಂಥದ್ದು. ಅದರ ಜೀನಿನಲ್ಲಿ ಬೇರೆ ಬೇರೆ ಜಾಗದಲ್ಲಿ ಪೂರ್ಣವಿರಾಮ ಬಿದ್ದ ಮ್ಯುಟೆಂಟ್‌ಗಳನ್ನು ತೆಗೆದುಕೊಂಡು, ನಕಾಶೆಯಲ್ಲಿ ಮುಂದೆ ಮುಂದೆ ಹೋದಂತೆ ಪ್ರೋಟೀನಿನ ತುಂಡೂ ಉದ್ದವಾಗುತ್ತದೆ ಎಂದು 1964ರಲ್ಲಿ ಬ್ರೆನ್ನರ್ ಗುಂಪು ತೋರಿಸಿತು. ಆ ಪ್ರಬಂಧದ ಮೊದಲ ಹೆಸರು ಅಹಮದಾಬಾದಿನ ಆನಂದ್ ಸಾರಾಭಾಯಿ ಅವರದು.

ಆ ಪೂರ್ಣವಿರಾಮದ ಕತೆಯಲ್ಲಿ ಇನ್ನೊಬ್ಬ ಭಾರತೀಯರಿದ್ದಾರೆ. ಉತ್ತರ ಪ್ರದೇಶದ ಬಸ್ತಿಯ ಒಬೈದ್ ಸಿದ್ದಿಕಿ. ಅಲಿಗಢದಲ್ಲಿ ಓದಿ, ದೆಹಲಿಯಲ್ಲಿ ಗೋಧಿಯ ಮೇಲೆ ಕೆಲಸ ಶುರುಮಾಡಿದಾಗ ಆಲಿಕಲ್ಲು ಮಳೆ ಬಿದ್ದು ಬೆಳೆಯೆಲ್ಲ ನೆಲಕಚ್ಚಿತಂತೆ. ಗೋಧಿಗೆ ವರ್ಷಕ್ಕೊಂದು ಬೆಳೆ. ಬ್ಯಾಕ್ಟೀರಿಯಾಕ್ಕೆ ಇಪ್ಪತ್ತು ನಿಮಿಷಕ್ಕೊಂದು ತಲೆಮಾರು. ಅವರು ಗ್ಲಾಸ್ಗೋಗೆ ಹೋಗಿ, ಮಣಿಯ ಬಗ್ಗೆ ಮೊದಲೇ ಸಂಶಯಪಟ್ಟಿದ್ದ ಆ ಪಾಂಟೆಕೊರ್ವೊ ಅವರ ಬಳಿ ಬೂಷ್ಟಿನ ಒಂದು ಜೀನಿನ ಒಳನಕಾಶೆ ಬರೆದು 1961ರಲ್ಲಿ ಪಿಎಚ್‌.ಡಿ. ಪಡೆದರು. ಆಮೇಲೆ ಫಿಲಡೆಲ್ಫಿಯಾದಲ್ಲಿ ಅಲನ್ ಗ್ಯಾರನ್ ಜೊತೆ, ಬ್ಯಾಕ್ಟೀರಿಯಾದ ಒಂದು ಕಿಣ್ವದ ಜೀನಿನಲ್ಲಿ ಇಂಥ ಪೂರ್ಣವಿರಾಮಗಳನ್ನೂ, ಅವನ್ನು ಮೀರಿ ಓದಿಸುವ ಇನ್ನೊಂದು ಮ್ಯುಟೇಶನ್ನನ್ನೂ ಕಂಡರು. ಅದೇ 1962ರಲ್ಲಿ ಬೆಂಜರ್ ಮತ್ತು ಸೀವೆಲ್ ಚಾಂಪ್ ಆರ್-2ರಲ್ಲಿ ಅದಕ್ಕೆ ಸರಿಹೊಂದುವ ಮಾತನ್ನೇ ಪ್ರಕಟಿಸಿದರು.

ಫೇಜ್ ಕೋರ್ಸ್ ಕಲಿತಿದ್ದ ಇನ್ನೊಬ್ಬ ಭೌತವಿಜ್ಞಾನಿ ಲಿಯೊ ಜಿಲಾರ್ಡ್ ಸಿದ್ದಿಕಿಯವರ ಬಗ್ಗೆ ಹೋಮಿ ಭಾಭಾ ಅವರಿಗೆ ಹೇಳಿದರು. 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಗಣಿತಜ್ಞರೂ ಭೌತವಿಜ್ಞಾನಿಗಳೂ ಇದ್ದ ಕಡೆ, ಅಣುಜೀವಶಾಸ್ತ್ರದ ಒಂದು ಪುಟ್ಟ ಘಟಕ ಶುರುವಾಯಿತು. ಕೊಲಾಬಾದ ಆ ಕಡಲಂಚಿನ ಕಟ್ಟಡದಲ್ಲಿ ಹೀಗೆ ತಟ್ಟೆ ಎಣಿಸುವವರು ಬಂದು ಕೂತರು.

ಬೆಂಜರ್ ಅಷ್ಟರಲ್ಲಿ ಫೇಜ್ ಬಿಡುವ ಯೋಚನೆಯಲ್ಲಿದ್ದರು. ಜೀನಿನ ಒಳಗು ತಿಳಿಯಿತು, ಇನ್ನು ಜೀನ್ ನಡತೆಯನ್ನು ಹೇಗೆ ಕಟ್ಟುತ್ತದೆ ನೋಡೋಣ ಎಂದು ಅವರು ಹೋದದ್ದು ಮಾರ್ಗನ್ ಬಿಟ್ಟುಹೋದ ಅದೇ ಹಣ್ಣಿನ ನೊಣದ ಕಡೆಗೆ. ವಿಧಾನ ಮಾತ್ರ ಫೇಜ್‌ನದೇ: ಸಾವಿರಾರು ಮ್ಯುಟೆಂಟ್‌ಗಳನ್ನು ಮಾಡು, ಬೇಕಾದದ್ದು ತಾನಾಗಿ ಬೇರ್ಪಡುವಂತೆ ಬಲೆ ಒಡ್ಡು. 1969ರಲ್ಲಿ ಡೆಲ್‌ಬ್ರುಕ್, ಹರ್ಷಿ, ಲೂರಿಯಾ ಮೂವರಿಗೂ ನೊಬೆಲ್ ಬಂತು. ಬೆಂಜರ್‌ಗೆ ಅದು ಕೊನೆಗೂ ಬರಲಿಲ್ಲ. ನೊಬೆಲ್ ಸಮಿತಿಯ ಮರೆವುಗಳ ಪಟ್ಟಿಯಲ್ಲಿ ಇದನ್ನು ನಾನು ಮೇಲೆಯೇ ಇಡುತ್ತೇನೆ. ಅವರು 2007ರಲ್ಲಿ ತೀರಿಕೊಂಡರು.

ಸಿದ್ದಿಕಿ 1970ರ ದಶಕದಲ್ಲಿ ಕ್ಯಾಲ್‌ಟೆಕ್‌ಗೆ ಹೋಗಿ ಬೆಂಜರ್ ಜೊತೆ ಕೆಲಸ ಮಾಡಿದರು. ಬಿಸಿ ಏರಿದೊಡನೆ ಕೈಕಾಲು ಬಿದ್ದುಹೋಗಿ, ತಣ್ಣಗಾದೊಡನೆ ಎದ್ದು ಹಾರುವ ನೊಣಗಳ ನರಗಳಲ್ಲಿ ಆಗುವುದೇನು ಎಂಬುದು ಇಬ್ಬರ ಹೆಸರಿನಲ್ಲಿ 1976ರಲ್ಲಿ ಪ್ರಕಟವಾಯಿತು. ಮುಂಬೈಯ ಆ ಪುಟ್ಟ ಘಟಕ 1990ರ ದಶಕದಲ್ಲಿ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಗಿ ಬೆಳೆಯಿತು. 2013ರ ಜುಲೈನಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ತೀರಿಕೊಳ್ಳುವವರೆಗೂ ಸಿದ್ದಿಕಿ ಅಲ್ಲಿ ನೊಣಗಳ ವಾಸನೆಯ ಗ್ರಹಿಕೆಯ ಮೇಲೆ ಕೆಲಸ ಮಾಡುತ್ತಿದ್ದರು.